ಗಾಳಿಯನ್ನು ತೂಗುವ ತಂತಿ

ಒಂದು ಲೀಟರ್ ಪೆಟ್ರೋಲ್ ಉರಿಸಲು ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕು, ಯಾವತ್ತಾದರೂ ಯೋಚಿಸಿದ್ದೀರಾ? ಸುಮಾರು 9000 ಲೀಟರ್. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನು ಇದೆಯಲ್ಲ, ಅಂಥ 450 ಕ್ಯಾನು ತುಂಬುವಷ್ಟು. ತೂಗಿ ನೋಡಿದರೆ 11 ಕಿಲೋ. ಪೆಟ್ರೋಲಿನ ಲೆಕ್ಕವನ್ನು ನಾವೆಲ್ಲ ಜೋಪಾನವಾಗಿ ಇಡುತ್ತೇವೆ. ಬಂಕಿನಲ್ಲಿ ಮೀಟರು ಸೊನ್ನೆಗೆ ಬಂತೇ ಎಂದು ಕತ್ತು ಹೊರಳಿಸಿ ನೋಡುತ್ತೇವೆ. ಗಾಳಿ ಪುಕ್ಕಟೆ, ಅದರ ಲೆಕ್ಕ ಯಾರಿಗೆ ಬೇಕು? ಎಂಜಿನ್ನಿಗೆ ಬೇಕು. ಒಂದು ಗ್ರಾಂ ಪೆಟ್ರೋಲಿಗೆ 15 ಗ್ರಾಂ ಹತ್ತಿರ ಗಾಳಿ ಸಿಕ್ಕಬೇಕು. ಗಾಳಿ ಎಷ್ಟು ಬಂತೆಂದು ಗೊತ್ತಾಗದೆ ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಹೇಗೆ?

ಆ ಲೆಕ್ಕ ಇಡುವ ಭಾಗಕ್ಕೆ ಮಾಸ್ ಏರ್ ಫ್ಲೋ ಸೆನ್ಸರ್ ಎಂದು ಹೆಸರು. ಗ್ಯಾರೇಜಿನವರು ಏರ್ ಫ್ಲೋ ಸೆನ್ಸರ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅದು ಕೆಟ್ಟಿದೆಯೇ ಇಲ್ಲವೇ ಎಂದು ಪತ್ತೆ ಮಾಡುವುದು ಹೇಗೆ, ಕೆಟ್ಟಿದ್ದರೆ ಬದಲಿಸುವುದು ಹೇಗೆ, ಇಷ್ಟೇ ಇವತ್ತಿನ ವಿಷಯ.

ಮೊದಲು ಅದು ಎಲ್ಲಿದೆ ನೋಡೋಣ. ಬಾನೆಟ್ ಎತ್ತಿ. ಒಂದು ಬದಿಗೆ ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಡಬ್ಬ ಇರುತ್ತದೆ. ಅದು ಏರ್ ಫಿಲ್ಟರಿನ ಡಬ್ಬ. ಅದರಿಂದ ಹೊರಟ ದಪ್ಪ ಕೊಳವೆ ಎಂಜಿನ್ ಕಡೆಗೆ ಹೋಗುತ್ತದೆ. ಡಬ್ಬ ಮುಗಿದು ಕೊಳವೆ ಶುರುವಾಗುವ ಕಡೆ ಬೆರಳುದ್ದದ ಪ್ಲಾಸ್ಟಿಕ್ ತುಂಡೊಂದು ಒಳಕ್ಕೆ ಇಳಿದಿರುತ್ತದೆ. ಹೊರಗೆ ಕಾಣುವುದು ಅದರ ತಲೆ ಮಾತ್ರ. ತಲೆಗೆ ನಾಲ್ಕೋ ಐದೋ ವೈರು ಇರುವ ಪ್ಲಗ್ ಸಿಕ್ಕಿಸಿರುತ್ತಾರೆ. ಅದೇ ಸೆನ್ಸರು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಎಲ್ಲ ಕಾರಿನಲ್ಲೂ ಇದು ಇರುವುದಿಲ್ಲ. ನಮ್ಮ ರಸ್ತೆಯ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾಪ್ ಸೆನ್ಸರ್ ಇರುತ್ತದೆ. ಅದು ಎಂಜಿನ್ ಒಳಕೊಳವೆಯ ಒತ್ತಡ ಅಳೆಯುತ್ತದೆ, ಅದರಿಂದ ಎಂಜಿನ್ ಕಂಪ್ಯೂಟರ್ ಗಾಳಿಯನ್ನು ಲೆಕ್ಕ ಹಾಕುತ್ತದೆ. ಇಂದಿನ ಡೀಸೆಲ್ ಗಾಡಿಗಳಲ್ಲಿ ಏರ್ ಫ್ಲೋ ಸೆನ್ಸರ್ ಸಾಮಾನ್ಯ. ಇಲ್ಲದ ಭಾಗಕ್ಕೆ ದುಡ್ಡು ಕೊಡಬೇಡಿ. ಹಾಗೆ ಬಿಲ್ ಆದದ್ದೂ ಉಂಟು.

ಸರಿ, ಜಾಗ ಗೊತ್ತಾಯಿತು. ಫಿಲ್ಟರಿಗೂ ಎಂಜಿನ್ನಿಗೂ ನಡುವೆ, ಗಾಳಿ ಹಾದುಹೋಗುವ ದಾರಿಯಲ್ಲಿ. ಈಗ ಅದು ತೂಗುವುದು ಹೇಗೆ ಎಂಬ ಪ್ರಶ್ನೆ.

ಒಳಗೊಂದು ಕೂದಲೆಳೆಯಂಥ ತಂತಿ ಇರುತ್ತದೆ, ಅಥವಾ ಗಾಜಿನಂಥ ತೆಳು ಪದರ. ಅದನ್ನು ವಿದ್ಯುತ್ತಿನಿಂದ ಕಾಯಿಸುತ್ತಾರೆ. ಒಳಗೆ ಬರುವ ಗಾಳಿಗಿಂತ ನೂರು ಡಿಗ್ರಿಯಷ್ಟು ಹೆಚ್ಚು ಬಿಸಿ ಇಡುವುದು ಸಾಮಾನ್ಯ. ಗಾಳಿ ಹಾಯ್ದರೆ ತಂತಿ ತಣಿಯುತ್ತದೆ. ತಣಿದ ತಂತಿಯನ್ನು ಮತ್ತೆ ಮೊದಲಿನ ಬಿಸಿಗೆ ತರಲು ಹೆಚ್ಚು ಕರೆಂಟು ಬೇಕು. ಎಷ್ಟು ಕರೆಂಟು ಬೇಕಾಯಿತೋ ಅದೇ ಗಾಳಿಯ ಅಳತೆ. ಹೀಗೆ ಬಿಸಿ ತಂತಿಯಿಂದ ಗಾಳಿ ಅಳೆಯುವ ಗಣಿತವನ್ನು 1914ರಲ್ಲೇ ಎಲ್.ವಿ. ಕಿಂಗ್ ಎಂಬ ವಿಜ್ಞಾನಿ ಬರೆದಿಟ್ಟಿದ್ದರು. ಕಾರಿಗೆ ಬಂದದ್ದು ಬಹಳ ತಡವಾಗಿ. 1970ರ ದಶಕದಲ್ಲಿ ಜರ್ಮನಿಯ ಬಾಷ್ ಕಂಪನಿ ಗಾಳಿ ತಳ್ಳಿದರೆ ತೆರೆಯುವ ಸಣ್ಣ ಬಾಗಿಲೊಂದನ್ನು ಕೊಳವೆಯಲ್ಲಿ ಕೂರಿಸಿ ಅಳೆಯುತ್ತಿತ್ತು. 1980ರ ದಶಕದ ಆರಂಭದಲ್ಲಿ ಬಾಗಿಲು ಹೋಗಿ ಪ್ಲಾಟಿನಂ ತಂತಿ ಬಂತು. ಆಗಿನ ತಂತಿಗೆ ಒಂದು ಸೊಗಸಾದ ಏರ್ಪಾಟಿತ್ತು. ಎಂಜಿನ್ ನಿಲ್ಲಿಸಿದ ಮೇಲೆ ಒಂದು ಕ್ಷಣ ಅದು ಸಾವಿರ ಡಿಗ್ರಿಯ ಹತ್ತಿರ ಕಾದು, ಮೇಲೆ ಕುಳಿತ ಧೂಳನ್ನು ತಾನೇ ಸುಟ್ಟುಕೊಳ್ಳುತ್ತಿತ್ತು. ಇಂದಿನ ಹೆಚ್ಚಿನ ಸೆನ್ಸರುಗಳಲ್ಲಿ ಆ ಏರ್ಪಾಟಿಲ್ಲ. ಕೊಳೆ ಕುಳಿತರೆ ಕುಳಿತೇ ಇರುತ್ತದೆ.

ಬಿಸಿ ತಂತಿಯಿಂದ ಅಳೆಯುವುದರ ಲಾಭ ಘಟ್ಟದಲ್ಲಿ ಕಾಣುತ್ತದೆ. ಮಂಗಳೂರಿಗೆ ಹೋಲಿಸಿದರೆ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಶೇಕಡಾ 10ರಷ್ಟು ಕಡಿಮೆ. ಹಳೆಯ ಕಾರ್ಬ್ಯುರೇಟರ್ ಗಾಡಿಗೆ ಇದು ತಿಳಿಯುತ್ತಿರಲಿಲ್ಲ. ಶಿರಾಡಿ ಘಾಟಿ ಹತ್ತಿದರೂ ಪೆಟ್ರೋಲ್ ಬಿಡುವ ತೂತು ಅದೇ, ಪೆಟ್ರೋಲೂ ಅಷ್ಟೇ. ಬಿಸಿ ತಂತಿ ಗಾಳಿಯ ಗಾತ್ರ ನೋಡುವುದಿಲ್ಲ, ತೂಕ ನೋಡುತ್ತದೆ. ಗಾಳಿ ತೆಳುವಾದರೆ ತಂತಿ ಕಡಿಮೆ ತಣಿಯುತ್ತದೆ, ಪೆಟ್ರೋಲೂ ಅಷ್ಟೇ ಇಳಿಯುತ್ತದೆ.

ತಂತಿ ಎಷ್ಟು ತಣಿಯಿತೋ ಅಷ್ಟು ಗಾಳಿ ಎಂಬ ಈ ತತ್ವವನ್ನು ನೆನಪಿಡಿ. ಮುಂದಿನದೆಲ್ಲ ಇದರಿಂದಲೇ ಅರ್ಥವಾಗುತ್ತದೆ.

ತಂತಿಯ ಮೇಲೆ ಧೂಳು, ಎಣ್ಣೆಯ ಪಸೆ ಕುಳಿತಿತು ಎಂದುಕೊಳ್ಳಿ. ಅದು ತಂತಿಗೆ ಹೊದಿಕೆಯಾಗುತ್ತದೆ. ಗಾಳಿ ಜೋರಾಗಿ ಬೀಸಿದರೂ ತಂತಿ ಸರಿಯಾಗಿ ತಣಿಯುವುದಿಲ್ಲ. ಬಂದ ಗಾಳಿ ಸೆಕೆಂಡಿಗೆ 80 ಗ್ರಾಂ ಇದ್ದರೆ ಸೆನ್ಸರು 65 ಎನ್ನುತ್ತದೆ. ಎಂಜಿನ್ ಕಂಪ್ಯೂಟರ್ ಅದನ್ನು ನಂಬಿ 65ಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಗಾಡಿ ಎಳೆಯುವುದಿಲ್ಲ. ಆಕ್ಸಿಲರೇಟರ್ ತುಳಿದರೆ ಒಂದು ಗಳಿಗೆ ತಡೆದು ಆಮೇಲೆ ಮುಂದೆ ಹೋಗುತ್ತದೆ. ಏರಿನಲ್ಲಿ ತಿಣುಕುತ್ತದೆ. ಕೆಲವು ಗಾಡಿಗಳಲ್ಲಿ ತದ್ವಿರುದ್ಧ: ಸೆನ್ಸರು ಹೆಚ್ಚು ಹೇಳುತ್ತದೆ, ಹೊಗೆ ಕಪ್ಪಗಾಗುತ್ತದೆ, ಮೈಲೇಜು ಕುಸಿಯುತ್ತದೆ. ಸ್ಟಾರ್ಟ್ ಆದ ಕೂಡಲೇ ಆಫ್ ಆಗುವುದು, ಐಡ್ಲಿಂಗ್ ಏರಿಳಿಯುವುದು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತುವುದು, ಇವೂ ಉಂಟು.

ಇಲ್ಲಿಂದ ಎಚ್ಚರ ಬೇಕು. ದೀಪ ಹತ್ತಿತು, ಗ್ಯಾರೇಜಿಗೆ ಹೋದಿರಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಹುಡುಗ ಅದಕ್ಕೆ ಸ್ಕ್ಯಾನರ್ ಚುಚ್ಚುತ್ತಾನೆ. ಪಿ-0101 ಎಂಬ ಕೋಡು ಬರುತ್ತದೆ. "ಏರ್ ಫ್ಲೋ ಹೋಗಿದೆ ಸಾರ್, ಹೊಸದು ಹಾಕ್ಬೇಕು" ಎನ್ನುತ್ತಾನೆ. ಐದು ನಿಮಿಷದಲ್ಲಿ ತೀರ್ಪು ಮುಗಿಯಿತು. ಬೆಲೆ ಗಾಡಿಯ ಮೇಲೆ ಹೋಗುತ್ತದೆ: ಕೆಲವು ಸಾವಿರದಿಂದ ಹಿಡಿದು 10 ಸಾವಿರ ದಾಟುವವರೆಗೂ ಇದೆ. ಈ ಅವಸರದ ಬಗ್ಗೆ ನನಗೆ ತಕರಾರಿದೆ. ಪಿ-0101 ಹೇಳುವುದು ಇಷ್ಟೇ: ಸೆನ್ಸರಿನ ಅಳತೆಯೂ ಕಂಪ್ಯೂಟರಿನ ಅಂದಾಜೂ ಹೊಂದುತ್ತಿಲ್ಲ. ಸೆನ್ಸರು ಕೆಟ್ಟಿದೆ ಎಂದು ಅದು ಹೇಳುವುದೇ ಇಲ್ಲ. ಪಿ-0102 ಎಂದರೆ ಸಿಗ್ನಲ್ ಬಹಳ ಕಡಿಮೆ, ಪಿ-0103 ಎಂದರೆ ಬಹಳ ಹೆಚ್ಚು. ಈ ಎರಡು ಬಂದರೆ ಮೊದಲ ಅನುಮಾನ ವೈರಿನ ಮೇಲೆ ಹೋಗಬೇಕು. ಇಲಿ ಕಡಿದ ವೈರು, ಮಳೆನೀರು ಹೊಕ್ಕ ಪ್ಲಗ್ಗು, ಸರಿಯಾಗಿ ಕೂರದ ಲಾಕು. ನಮ್ಮೂರುಗಳಲ್ಲಿ ಇಲಿಯನ್ನು ಹಗುರವಾಗಿ ಕಾಣುವಂತಿಲ್ಲ.

ಇಲ್ಲಿಯವರೆಗೆ ಎರಡು ಸಂಗತಿ ಬಂದವು. ಕೊಳೆಯಾದ ತಂತಿ ತಪ್ಪು ಅಳೆಯುತ್ತದೆ. ಸ್ಕ್ಯಾನರಿನ ಕೋಡು ತಪ್ಪು ಎಲ್ಲಿದೆ ಎಂದು ಹೇಳುವುದಿಲ್ಲ. ಹಾಗಾದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮವೇನು?

ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ. ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಫಿಲ್ಟರ್ ಡಬ್ಬದ ಮುಚ್ಚಳ ಸುತ್ತಲೂ ಸರಿಯಾಗಿ ಕುಳಿತಿದೆಯೇ ನೋಡಿ. ಒಂದು ಕ್ಲಿಪ್ ಬಿಟ್ಟಿದ್ದರೂ ಸೋಸದ ಧೂಳು ನೇರ ತಂತಿಗೆ ಬರುತ್ತದೆ. ಬಳ್ಳಾರಿ ಕಡೆ ಅದಿರಿನ ಲಾರಿಗಳ ಹಿಂದೆ ಓಡಿಸುವವರು ಫಿಲ್ಟರನ್ನು ಸರ್ವಿಸ್ ಪುಸ್ತಕದ ಲೆಕ್ಕಕ್ಕಿಂತ ಬೇಗ ಬದಲಿಸಬೇಕು. ಎಣ್ಣೆ ಸವರುವ ಹತ್ತಿಯ ಫಿಲ್ಟರ್ ಹಾಕಿಸಿದ್ದರೆ, ಎಣ್ಣೆ ಜಾಸ್ತಿಯಾದಾಗ ಅದೇ ತಂತಿಯ ಮೇಲೆ ಕೂರುವ ಸಂಭವವಿದೆ. ನಂತರ ಸೆನ್ಸರಿನಿಂದ ಎಂಜಿನ್ನಿಗೆ ಹೋಗುವ ಕೊಳವೆ ಹಿಡಿಯಿರಿ. ಅದರ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ರಬ್ಬರು ಎಂಜಿನ್ನಿನ ಬಿಸಿಗೆ ಒಣಗಿ ಮಡಿಕೆಯ ಅಡಿಯಲ್ಲಿ ಸೀಳಿರಬಹುದು. ಮೇಲಿನಿಂದ ಕಾಣುವುದಿಲ್ಲ.

ಈ ಸೀಳು ಯಾಕೆ ಅಷ್ಟು ಮುಖ್ಯ? ಸೆನ್ಸರು ದಾಟಿದ ಮೇಲೆ ಒಳನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಸೆನ್ಸರು ತನ್ನ ಎದುರು ಹಾದದ್ದನ್ನು ಸರಿಯಾಗಿಯೇ ಹೇಳಿರುತ್ತದೆ. ಎಂಜಿನ್ನಿಗೆ ಸಿಕ್ಕಿದ್ದು ಮಾತ್ರ ಅದಕ್ಕಿಂತ ಹೆಚ್ಚು. ಟರ್ಬೊ ಇರುವ ಡೀಸೆಲ್ಲಿನಲ್ಲಿ ಇದೇ ತಲೆಕೆಳಗು. ಟರ್ಬೊ ನಂತರದ ಹೋಸು ಸೀಳಿದರೆ ಒತ್ತಡದಲ್ಲಿದ್ದ ಗಾಳಿ ಹೊರಕ್ಕೆ ಸೋರುತ್ತದೆ. ಲೆಕ್ಕಕ್ಕೆ ಸಿಕ್ಕ ಗಾಳಿ ಎಂಜಿನ್ನಿಗೆ ಸಿಗುವುದಿಲ್ಲ. ಡೀಸೆಲ್ ಹೆಚ್ಚಾಗಿ ಕಪ್ಪು ಹೊಗೆ. ಎರಡೂ ಕಡೆ ಸೆನ್ಸರಿನ ತಪ್ಪಿಲ್ಲ. ಎರಡೂ ಕಡೆ ಅದನ್ನೇ ಬದಲಿಸುತ್ತಾರೆ.

ಡಬ್ಬ, ಕೊಳವೆ, ವೈರು ಮೂರೂ ನೋಡಿಯಾಯಿತು, ಎಲ್ಲ ಸರಿ ಇದೆ ಎಂದುಕೊಳ್ಳೋಣ. ಈಗ ಸ್ಕ್ಯಾನರಿನ ಕೆಲಸ. ಕೋಡು ಓದಲು ಅಲ್ಲ, ಎಂಜಿನ್ ಓಡುವಾಗಿನ ಅಂಕಿ ಓದಲು. ಪೆಟ್ರೋಲ್ ಗಾಡಿಯಾದರೆ ಫ್ಯೂಯಲ್ ಟ್ರಿಮ್ ಎಂಬ ಸಾಲನ್ನು ತೋರಿಸಲು ಹೇಳಿ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೇಳಿದ ಮೇಲೆ ಕಂಪ್ಯೂಟರು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿತು, ಎಷ್ಟು ಕಡಿಮೆ ಮಾಡಿತು ಎಂಬುದು ಆ ಅಂಕಿ. ಸೊನ್ನೆಯ ಅಕ್ಕಪಕ್ಕ 5ರೊಳಗೆ ಇದ್ದರೆ ಎಂಜಿನ್ ಆರೋಗ್ಯವಾಗಿದೆ. 10 ದಾಟಿದರೆ ಏನೋ ಇದೆ.

ಇನ್ನು ನಾನು ಹೇಳುವುದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಪತ್ತೆಯ ಕೀಲು ಇರುವುದು ಇಲ್ಲೇ. ಅಂಕಿಯನ್ನು ಎರಡು ಸಲ ಓದಬೇಕು. ಒಮ್ಮೆ ಐಡ್ಲಿಂಗಿನಲ್ಲಿ, ಇನ್ನೊಮ್ಮೆ ರೇಸ್ ಮಾಡಿ 2500 ಆರ್.ಪಿ.ಎಂ.ನಲ್ಲಿ ಹಿಡಿದು. ಐಡ್ಲಿಂಗಿನಲ್ಲಿ ಪ್ಲಸ್ 20, ರೇಸ್ ಮಾಡಿದಾಗ ಪ್ಲಸ್ 4ಕ್ಕೆ ಇಳಿಯಿತು ಎಂದುಕೊಳ್ಳಿ. ಅದು ಸೋರಿಕೆ. ಐಡ್ಲಿಂಗಿನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ. ಆ ಸ್ವಲ್ಪದಲ್ಲಿ ಸೀಳಿನಿಂದ ಬಂದದ್ದು ದೊಡ್ಡ ಪಾಲು. ರೇಸ್ ಮಾಡಿದಾಗ ಗಾಳಿಯ ಹೊಳೆಯೇ ಹರಿಯುತ್ತದೆ, ಸೀಳಿನ ಪಾಲು ಅದರಲ್ಲಿ ಲೆಕ್ಕಕ್ಕಿಲ್ಲ. ಈಗ ಇನ್ನೊಂದು ಬಗೆ. ಐಡ್ಲಿಂಗಿನಲ್ಲಿ ಪ್ಲಸ್ 3, ರೇಸ್ ಮಾಡಿದರೆ ಪ್ಲಸ್ 12, ಏರು ಹತ್ತುವಾಗ ಪ್ಲಸ್ 18. ಗಾಳಿ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಿದೆ. ಇದು ಕೊಳೆಯಾದ ಸೆನ್ಸರಿನ ಚಾಳಿ.

ಅಥವಾ ಸೋತ ಪೆಟ್ರೋಲ್ ಪಂಪಿನ ಚಾಳಿ. ಪಂಪು ಸೋತರೂ ಏರಿನಲ್ಲೇ ಪೆಟ್ರೋಲ್ ಸಾಲದೆ ಬರುವುದು. ಎರಡನ್ನೂ ಬಿಡಿಸಿ ಹೇಳಲು ಇನ್ನೊಂದು ಅಂಕಿ ಬೇಕು. ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಎಂದು ಸೆನ್ಸರು ಹೇಳುತ್ತಿದೆ ಎಂಬುದೂ ಸ್ಕ್ಯಾನರಿನಲ್ಲಿ ಬರುತ್ತದೆ. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ 2ರಿಂದ 3 ಗ್ರಾಂ ಎಳೆಯುತ್ತದೆ. ಪೂರ್ತಿ ತುಳಿದು ಎಂಜಿನ್ ತನ್ನ ಗರಿಷ್ಠ ಶಕ್ತಿಗೆ ಬಂದಾಗ ಎಷ್ಟು? ಮೆಕ್ಯಾನಿಕ್ಕುಗಳ ಒಂದು ಅಂದಾಜು ಲೆಕ್ಕವಿದೆ. ಹಾರ್ಸ್ ಪವರಿನ ಶೇಕಡಾ 80. ನೂರು ಎಚ್.ಪಿ. ಎಂಜಿನ್ನಿಗೆ 80 ಗ್ರಾಂ ಆಸುಪಾಸು, ಬೆಂಗಳೂರಿನ ಎತ್ತರದಲ್ಲಿ ಅದಕ್ಕಿಂತ ತುಸು ಕಡಿಮೆ. ಸ್ಕ್ಯಾನರು 70 ಮೀರಿ ತೋರಿಸುತ್ತಿದೆ, ಆದರೂ ಟ್ರಿಮ್ ಪ್ಲಸ್ 18 ಎಂದರೆ ಸೆನ್ಸರು ನಿಜ ಹೇಳುತ್ತಿದೆ, ಪೆಟ್ರೋಲ್ ಬರುತ್ತಿಲ್ಲ. ಪಂಪಿನ ಒತ್ತಡ ಅಳೆಯಿಸಿ. 50ರಲ್ಲೇ ನಿಂತಿದ್ದರೆ, ಜೊತೆಗೆ ಟ್ರಿಮ್ಮೂ ಏರಿದ್ದರೆ, ಅನುಮಾನ ಸೆನ್ಸರಿನ ಮೇಲೆ ಗಟ್ಟಿಯಾಗುತ್ತದೆ. ಗ್ರಾಂ ಕಡಿಮೆ ಇದ್ದು ಟ್ರಿಮ್ ಮಾತ್ರ ಸರಿಯಾಗಿದ್ದರೆ ಗಾಳಿಯೇ ಕಡಿಮೆ ಬರುತ್ತಿದೆ ಎಂದರ್ಥ. ಕಟ್ಟಿದ ಫಿಲ್ಟರ್, ಕಟ್ಟಿದ ಸೈಲೆನ್ಸರ್ ದಾರಿ ನೋಡಿ. ಈ ಪರೀಕ್ಷೆಯನ್ನು ಖಾಲಿ ರಸ್ತೆಯಲ್ಲಿ ಮಾಡಿ. ಅಂಕಿ ನೋಡುವುದು ಪಕ್ಕದ ಸೀಟಿನವರ ಕೆಲಸ. ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ.

ಡೀಸೆಲ್ಲಿಗೆ ಒಂದೇ ಮಾತು ಸೇರಿಸುತ್ತೇನೆ. ಅಲ್ಲಿ ಈ ಸೆನ್ಸರಿನ ದೊಡ್ಡ ಕೆಲಸ ಇ.ಜಿ.ಆರ್. ವಾಲ್ವನ್ನು ಕಾಯುವುದು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವು ಅದು. ಮಸಿ ಕಟ್ಟಿ ಅದು ತೆರೆದೇ ಉಳಿದರೆ ಒಳಗೆ ಹೊಗೆ ತುಂಬಿ, ಹೊಸ ಗಾಳಿಗೆ ಜಾಗವಿರುವುದಿಲ್ಲ. ಸೆನ್ಸರು ಗಾಳಿ ಕಡಿಮೆ ಎನ್ನುತ್ತದೆ. ನಿಜವನ್ನೇ ಹೇಳುತ್ತದೆ. ಕೋಡು ಮಾತ್ರ ಅದರ ಹೆಸರಿನಲ್ಲಿ ಬರುತ್ತದೆ. ಡೀಸೆಲ್ ಗಾಡಿಯಲ್ಲಿ ಇ.ಜಿ.ಆರ್. ನೋಡದೆ ಏರ್ ಫ್ಲೋ ಸೆನ್ಸರ್ ಬದಲಿಸಬೇಡಿ.

ಸ್ಕ್ಯಾನರ್ ಇಲ್ಲದವರು? ಅವರಿಗೂ ಒಂದು ಉಪಾಯವಿದೆ. ಕೀಲಿ ಆಫ್ ಮಾಡಿ ಸೆನ್ಸರಿನ ಪ್ಲಗ್ ಕಳಚಿ. ಈಗ ಸ್ಟಾರ್ಟ್ ಮಾಡಿ. ಸೆನ್ಸರು ಇಲ್ಲವೆಂದು ಕಂಪ್ಯೂಟರಿಗೆ ತಿಳಿಯುತ್ತದೆ, ತನ್ನಲ್ಲಿರುವ ಅಂದಾಜು ಲೆಕ್ಕದಿಂದ ಓಡಿಸುತ್ತದೆ. ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿದರೆ ಸೆನ್ಸರು ತಪ್ಪು ಹೇಳುತ್ತಿತ್ತು ಎನ್ನಬಹುದು. ವ್ಯತ್ಯಾಸವೇ ಇಲ್ಲದಿದ್ದರೆ ಏನೂ ಸಾಬೀತಾಗಲಿಲ್ಲ. ಕೆಲವು ಗಾಡಿ ನಿಂತೂ ಹೋಗಬಹುದು. ದೀಪವಂತೂ ಹತ್ತುತ್ತದೆ, ಆಮೇಲೆ ಅಳಿಸಿಕೊಂಡರಾಯಿತು. ಇನ್ನೊಂದು: ಐಡ್ಲಿಂಗಿನಲ್ಲಿ ಸೆನ್ಸರಿನ ತಲೆಯನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಎಂಜಿನ್ ತಡವರಿಸಿದರೆ ಒಳಗಿನ ಬೆಸುಗೆಯೋ ಪ್ಲಗ್ಗೋ ಸಡಿಲ.

ಸೋರಿಕೆ ಇಲ್ಲ, ಪಂಪು ಸರಿ, ಇ.ಜಿ.ಆರ್. ಸರಿ. ಅಂಕಿಗಳೆಲ್ಲ ಸೆನ್ಸರನ್ನೇ ತೋರಿಸುತ್ತಿವೆ. ಆಗಲೂ ಅಂಗಡಿಗೆ ಹೋಗಬೇಡಿ, ಮೊದಲು ತೊಳೆಯಿರಿ.

ತೊಳೆಯಲು ಇದಕ್ಕೆಂದೇ ಸ್ಪ್ರೇ ಸಿಗುತ್ತದೆ, ಏರ್ ಫ್ಲೋ ಸೆನ್ಸರ್ ಕ್ಲೀನರ್ ಎಂದು. ಬೇಗ ಆರಿಹೋಗುತ್ತದೆ, ಪಸೆ ಬಿಡುವುದಿಲ್ಲ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಪ್ಲಾಸ್ಟಿಕ್ಕನ್ನು ತಿನ್ನಬಹುದು. ಪೆಟ್ರೋಲ್ ಬೇಡ. ಕಂಪ್ರೆಸರಿನ ಗಾಳಿ ಬೇಡ, ತಂತಿ ಹರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡವೇ ಬೇಡ. ಬನಿಯನ್ ಬಟ್ಟೆಯಿಂದ ತಂತಿ ಒರೆಸಿ "ಕ್ಲೀನ್ ಮಾಡಿದೀನಿ ಸಾರ್" ಎನ್ನುವವರ ಕೈಗೆ ಸೆನ್ಸರ್ ಕೊಡಬೇಡಿ. ಕೀಲಿ ತೆಗೆದು, ಪ್ಲಗ್ ಕಳಚಿ, ಎರಡು ಸ್ಕ್ರೂ ಬಿಚ್ಚಿ ಸೆನ್ಸರನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಸ್ಕ್ರೂ ಮಾಮೂಲಿನದಲ್ಲದೆ ನಕ್ಷತ್ರದ ಆಕಾರದ್ದಿರಬಹುದು. ಕೆಲವಕ್ಕೆ ನಡುವೆ ಗುಬುಟು ಬೇರೆ, ಅದಕ್ಕೆ ತೂತಿರುವ ಟಾರ್ಕ್ಸ್ ಬಿಟ್ಟೇ ಬೇಕು. ಸಾದಾ ಸ್ಕ್ರೂ ಡ್ರೈವರಿನಲ್ಲಿ ತಲೆ ಸವೆಸಬೇಡಿ. ತಂತಿಯ ಮೇಲೆ ಹತ್ತು ಹದಿನೈದು ಸಲ ಸ್ಪ್ರೇ ಹೊಡೆಯಿರಿ, ಮುಟ್ಟಬೇಡಿ. ಹದಿನೈದು ನಿಮಿಷ ತಾನಾಗಿ ಆರಲಿ. ಒದ್ದೆ ಇರುವಾಗ ಸ್ಟಾರ್ಟ್ ಮಾಡುವಂತಿಲ್ಲ, ಬೆಂಕಿ ಹಿಡಿಯುವ ದ್ರವ ಅದು. ಕೊಳೆ ಮಾತ್ರ ಕಾರಣವಾಗಿದ್ದರೆ ಇಲ್ಲಿಗೇ ಕೆಲಸ ಮುಗಿಯಬಹುದು.

ತೊಳೆದರೂ ಅಂಕಿ ಬದಲಾಗಲಿಲ್ಲ ಎಂದಾಗ ಮಾತ್ರ ಹೊಸದು. ಕೊಳ್ಳುವ ಮುನ್ನ ಒಂದು ಕಡೆಯ ಪರೀಕ್ಷೆ ಉಳಿದಿದೆ. ಮಲ್ಟಿಮೀಟರನ್ನು 20 ವೋಲ್ಟಿನ ಡಿ.ಸಿ.ಗೆ ಇಟ್ಟು, ಕೀಲಿ ಆನ್ ಮಾಡಿ, ಸೆನ್ಸರಿನ ಪ್ಲಗ್ಗಿಗೆ 12 ವೋಲ್ಟ್ ಬರುತ್ತಿದೆಯೇ, ಅರ್ಥ್ ಸರಿ ಇದೆಯೇ ನೋಡಿಸಿ. ಕರೆಂಟೇ ಬಾರದಿದ್ದರೆ ಹೊಸ ಸೆನ್ಸರೂ ಸುಮ್ಮನೆ ಕೂರುತ್ತದೆ.

ಕೊಳ್ಳುವಾಗ ಗಾಡಿಯ ಹೆಸರು ಹೇಳಿ ಕೇಳಿದರೆ ಸಾಲದು. ಹಳೆಯ ಸೆನ್ಸರನ್ನೇ ಕೈಯಲ್ಲಿ ಹಿಡಿದು ಹೋಗಿ. ಅದರ ಮೈಮೇಲೆ ಪಾರ್ಟ್ ನಂಬರ್ ಇರುತ್ತದೆ, ಅಕ್ಷರಕ್ಕೆ ಅಕ್ಷರ ಹೊಂದಬೇಕು. ನೋಡಲು ಒಂದೇ ಥರ ಇರುವ, ಅದೇ ಪ್ಲಗ್ಗು ಕೂರುವ ಎರಡು ಸೆನ್ಸರುಗಳ ಅಳತೆಯ ಲೆಕ್ಕ ಬೇರೆ ಬೇರೆ ಇರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಸಲಿ ಸಿಗುತ್ತದೆ, ನಕಲಿ ಡಬ್ಬದಲ್ಲಿಟ್ಟ ಡೂಪ್ಲಿಕೇಟೂ ಸಿಗುತ್ತದೆ. ಅರ್ಧ ಬೆಲೆಗೆ ಕೊಡುತ್ತೇನೆಂದರೆ ನನಗಂತೂ ಕೈ ಬರುವುದಿಲ್ಲ. ಬಿಲ್ ಹಾಕಿಸಿಕೊಳ್ಳಿ.

ಜೋಡಿಸುವುದು ಬಿಚ್ಚಿದಷ್ಟೇ ಸುಲಭ. ಸೆನ್ಸರಿನ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ಕಡೆಗೆ ತಿರುಗಿರಲಿ. ರಬ್ಬರ್ ಉಂಗುರ ಮಡಚದೆ ಕೂರಲಿ. ಸ್ಕ್ರೂ ಕೂರುವುದು ಪ್ಲಾಸ್ಟಿಕ್ಕಿನಲ್ಲಿ, ಬೆರಳ ಬಲ ಸಾಕು. ಫಿಲ್ಟರ್ ಹಳತಾಗಿದ್ದರೆ ಅದೇ ದಿನ ಬದಲಿಸಿ, ಇಲ್ಲವಾದರೆ ಹೊಸ ತಂತಿಗೂ ಹಳೆಯ ಧೂಳೇ ಗತಿ. ಸ್ಕ್ಯಾನರಿನಿಂದ ಕೋಡು ಅಳಿಸಿ, ಹಳೆಯ ಟ್ರಿಮ್ಮನ್ನೂ ಸೊನ್ನೆ ಮಾಡಿಸಿ. ಹಳೆಯ ಸೆನ್ಸರಿನ ತಪ್ಪಿಗೆ ಕಂಪ್ಯೂಟರು ಕಲಿತುಕೊಂಡ ತಿದ್ದುಪಡಿ ಅದರಲ್ಲೇ ಉಳಿದಿರುತ್ತದೆ. ಹಾಗೇ ಬಿಟ್ಟರೆ ಶುರುವಿನಲ್ಲಿ ಗಾಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಆಮೇಲೆ ಒಂದು ವಾರ ನಿಮ್ಮ ಮಾಮೂಲಿ ದಾರಿಯಲ್ಲೇ ಓಡಿಸಿ, ಮತ್ತೆ ಅವೇ ಅಂಕಿ ಓದಿಸಿ. ಐಡ್ಲಿಂಗಿನಲ್ಲೂ ಏರಿನಲ್ಲೂ ಟ್ರಿಮ್ 5ರೊಳಗೆ ಬಂದಿದ್ದರೆ ಹಳೆಯ ಸೆನ್ಸರನ್ನು ಗುಜರಿಗೆ ಹಾಕಬಹುದು. ಬಂದಿಲ್ಲವಾದರೆ ಎಸೆಯಬೇಡಿ, ಅದು ಸರಿಯಾಗಿಯೇ ಇದ್ದಿರಬಹುದು. ಬಿಚ್ಚಿ ಹಾಕಿದ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ.